ಬೇಟೆ ಮುಗಿದ ಮೇಲೆ

ಕನ್ನಡ ನಾಡಿನ ಬೇಟೆಯ ಇತಿಹಾಸವನ್ನು ಬರೆದವರ ಗಮನ ಸಾಮಾನ್ಯವಾಗಿ ಕೋವಿಯ ಈಡು ಹಾರುವವರೆಗೆ ಸಾಗಿ ಅಲ್ಲಿಗೇ ನಿಂತುಬಿಡುತ್ತದೆ. ಮೃಗ ಯಾವುದು, ಅದನ್ನು ಹೊಡೆದವರು ಯಾರು, ಬಳಸಿದ ಆಯುಧ ಎಂಥದು ಎಂಬುದಕ್ಕೆ ದಾಖಲೆಗಳು ಸಿಗುತ್ತವೆ. ಆದರೆ ಮಳೆಗಾಲವಿಡೀ ಕಾದು, ಊರಿಗೆ ಊರೇ ಅಣಿಯಾಗಿ ಹೊರಟ ಬೇಟೆ ಮುಗಿದು, ನಾಯಿಗಳನ್ನು ಕಟ್ಟಿಹಾಕಿ, ಕೋವಿಯನ್ನು ಒರೆಸಿ ಗೂಟಕ್ಕೆ ತೂಗುಹಾಕಿದ ಮೇಲೆ ಮನಸ್ಸಿಗೆ ಕವಿಯುವ ಮಂಕನ್ನು ಆ ಜನ ಹೇಗೆ ನಿಭಾಯಿಸಿದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಆತಕೂರಿನ ಶಾಸನದಿಂದ ಹಿಡಿದು ಕೊಡಗಿನ ಹಬ್ಬಗಳವರೆಗೆ ಉಳಿದುಬಂದಿರುವ ಕುರುಹುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಬೇಟೆಯ ಮುಕ್ತಾಯವನ್ನು ಈ ಸಮಾಜಗಳು ಬೇಟೆಗಾರನೊಬ್ಬನ ಪಾಲಿಗೆ ಬಿಟ್ಟಿರಲಿಲ್ಲವೆಂಬುದೂ, ಹೊರಡುವುದಕ್ಕೆ ಇದ್ದಷ್ಟೇ ಕಟ್ಟುಕಟ್ಟಳೆಗಳು ಹಿಂದಿರುಗುವುದಕ್ಕೂ ಇದ್ದವೆಂಬುದೂ ಸ್ಪಷ್ಟವಾಗುತ್ತದೆ.

ಅರಮನೆಯ ಶಾಸ್ತ್ರಗ್ರಂಥಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ನೆರವು ದೊರೆಯುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಬೇಟೆಯನ್ನು ಜೂಜು, ಸ್ತ್ರೀ ಮತ್ತು ಮದ್ಯಗಳೊಡನೆ ಸೇರಿಸಿ, ಕಾಮದಿಂದ ಹುಟ್ಟುವ ನಾಲ್ಕು ವ್ಯಸನಗಳಲ್ಲಿ ಒಂದೆಂದು ಎಣಿಸುತ್ತದೆ. ಹಾಗೆ ಎಣಿಸಿದರೂ ಅದರಿಂದ ದೇಹಕ್ಕೆ ವ್ಯಾಯಾಮವೂ ಚಲಿಸುವ ಗುರಿಗೆ ಹೊಡೆಯುವ ಅಭ್ಯಾಸವೂ ಸಿಗುತ್ತದೆಂದು ಒಪ್ಪಿಕೊಳ್ಳುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಬೇಟೆಯನ್ನು ರಾಜನ ವಿನೋದಗಳಲ್ಲಿ ಒಂದಾಗಿ ಪರಿಗಣಿಸಿ ಅದರ ಬಗೆಗಳನ್ನು ವಿವರಿಸುತ್ತದೆ. ಅರಸನಿಗೆ ಒಂದು ವಿನೋದ ಮುಗಿದರೆ ಇನ್ನೊಂದು ಕಾದಿರುತ್ತಿತ್ತು. ಬೇಟೆ ಮುಗಿದ ಮರುದಿನ ಗದ್ದೆಗೆ ಇಳಿಯಬೇಕಾದವನ ಸ್ಥಿತಿ ಈ ಗ್ರಂಥಗಳ ಲಕ್ಷ್ಯಕ್ಕೆ ಬರಲಿಲ್ಲ.

ಶಾಸನಗಳ ದಾರಿ ಬೇರೆ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಶಕ ವರ್ಷ 872ರ, ಅಂದರೆ ಕ್ರಿ.ಶ. 949-50ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಗಾಗಿ ಇತಿಹಾಸಕಾರರಿಗೆ ಚಿರಪರಿಚಿತವಾಗಿದೆ. ಅದೇ ಕಲ್ಲಿನ ಇನ್ನೊಂದು ಕಥನ ಬೇಟೆಯದು. ಆ ಯುದ್ಧದಲ್ಲಿ ಗಂಗ ದೊರೆ ಇಮ್ಮಡಿ ಬೂತುಗನ ಪರವಾಗಿ ಹೋರಾಡಿದ ಮಣಲೇರನೆಂಬ ವೀರನು, ಮೆಚ್ಚಿದ್ದನ್ನು ಬೇಡಿಕೊಳ್ಳೆಂದಾಗ, ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು.

ಇದರ ಮುಂದಿನ ಭಾಗವೇ ಇಲ್ಲಿ ಮುಖ್ಯ. ಆತಕೂರಿನ ಚಲ್ಲೇಶ್ವರ ದೇವಾಲಯದ ಎದುರಿಗೆ ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ, ಹಂದಿಯೊಡನೆ ಅದು ಕಾದುವ ಚಿತ್ರವನ್ನು ಕೆತ್ತಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಆ ಸ್ಥಳವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದು ಶಾಸನ ವಿಧಿಸಿತು. ಒಂದು ಬೇಟೆಯಲ್ಲಿ ಆದ ನಷ್ಟ ಹೀಗೆ ಬೇಟೆಗೆ ಹೋಗದ ಒಬ್ಬ ಮನುಷ್ಯನ ನಿತ್ಯದ ಊಟಕ್ಕೆ ಮೊದಲಿನ ಕರ್ತವ್ಯವಾಯಿತು. ಬೇಟೆಗಾರನ ದುಃಖವನ್ನು ಇಷ್ಟು ಗಂಭೀರವಾಗಿ ಒಪ್ಪಿಕೊಂಡು, ಅದಕ್ಕೆ ಜಾಗ, ಜಮೀನು, ಆಚರಣೆ ಮೂರನ್ನೂ ಒದಗಿಸಿದ ದಾಖಲೆಗಳು ಬಹಳ ಕಡಿಮೆ.

ಬೇಟೆಯ ಕಾಯುವಿಕೆ ಮತ್ತು ಮುಕ್ತಾಯಗಳೆರಡೂ ಇಡೀ ವರ್ಷದ ಲಯದೊಳಗೆ ಸೇರಿಕೊಂಡಿದ್ದ ಪ್ರದೇಶವೆಂದರೆ ಕೊಡಗು. ಅಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಮಾಸದ ಜಡಿಮಳೆಯಲ್ಲಿ ಭತ್ತದ ನಾಟಿ ನಡೆಯುತ್ತಿತ್ತು. ಆ ದಿನಗಳಲ್ಲಿ ಆಯುಧಗಳನ್ನು ಮುಟ್ಟದೆ ಐನ್‌ಮನೆಯಲ್ಲಿ, ಅಂದರೆ ಒಕ್ಕ ಎನಿಸಿಕೊಳ್ಳುವ ಕುಲಕುಟುಂಬದ ಮೂಲಮನೆಯಲ್ಲಿ, ಒಳಗೆ ಇರಿಸುತ್ತಿದ್ದರು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದ ಸುಮಾರಿಗೆ ಬರುವ ಕೈಲ್‌ಪೊಳ್ದ್ ಅಥವಾ ಕೈಲ್ ಮುಹೂರ್ತವೆಂಬ ಆಯುಧಪೂಜೆಯ ಹಬ್ಬದಂದು ನೇಗಿಲು ನೊಗಗಳಿಗೆ ವಿಶ್ರಾಂತಿ ಕೊಟ್ಟು, ಕೋವಿ ಕತ್ತಿಗಳನ್ನು ಹೊರತೆಗೆದು, ಕೋವಿಯ ನಳಿಗೆಗೆ ತೋಕ್‌ ಪೂ ಎಂಬ ಕೆಂಪು ಹಳದಿ ಬಣ್ಣದ ಕಾಡುಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಮನೆಯ ಹಿರಿಯನು ಗಂಡಸರ ಕೈಗೆ ಕೋವಿ ಕೊಡುವಾಗ ಹುಲಿಯನ್ನಾಗಲಿ ಹಗೆಯನ್ನಾಗಲಿ ಸುಮ್ಮನೆ ಕೆಣಕಬಾರದು, ಎದುರಾದರೆ ಹಿಂಜರಿಯಲೂ ಬಾರದು ಎಂಬ ಅರ್ಥದ ಬುದ್ಧಿಮಾತು ಹೇಳುವ ಪದ್ಧತಿಯಿತ್ತು. ಹಂದಿಮಾಂಸದ ಸಾರು ಮತ್ತು ಅಕ್ಕಿತರಿಯಿಂದ ಉಂಡೆಗಟ್ಟಿ ಬೇಯಿಸಿದ ಕಡಂಬುಟ್ಟುಗಳ ಊಟವಾದ ಬಳಿಕ ಬೇಟೆಯ ಕಾಲ ತೆರೆದುಕೊಳ್ಳುತ್ತಿತ್ತು. ಬ್ರಿಟಿಷರು ಕಾಯ್ದೆಯ ಮೂಲಕ ದೇಶದೆಲ್ಲೆಡೆ ಜನರನ್ನು ನಿರಾಯುಧರನ್ನಾಗಿ ಮಾಡುತ್ತಿದ್ದ ಕಾಲದಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟದ್ದರಿಂದ ಈ ಕ್ರಮ ಅಲ್ಲಿ ಕಡಿಯದೆ ಮುಂದುವರಿಯಿತು.

ಬೇಟೆಯಾದ ಮೇಲಿನ ಮೊದಲ ಕೆಲಸ ಪಾಲು ಹಾಕುವುದು. ಕೊಡಗಿನಲ್ಲಿಯೂ ಪಕ್ಕದ ಮಲೆನಾಡಿನಲ್ಲಿಯೂ ಈಡು ತಾಗಿಸಿದವನಿಗೆ ವಿಶೇಷ ಪಾಲೊಂದು ಸಲ್ಲುತ್ತಿತ್ತು. ಹಳು ಸೋವಿದವರಿಗೆ, ಅಂದರೆ ಪೊದೆಗಾಡಿನೊಳಗೆ ನುಗ್ಗಿ ಕೂಗುಹಾಕುತ್ತಾ ಮೃಗವನ್ನು ಎಬ್ಬಿಸಿ ಓಡಿಸಿದವರಿಗೆ, ಮತ್ತು ಬಿಲ್ಲಿನಲ್ಲಿ, ಅಂದರೆ ಮೃಗ ಹಾದುಬರುವ ಕಂಡಿಯಲ್ಲಿ ಕೋವಿ ಹಿಡಿದು ಕಾದವರಿಗೆ ಅವರವರ ಪಾಲು ಸಿಗುತ್ತಿತ್ತು. ನಾಯಿಗಳ ಪಾಲನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಇದನ್ನು ಕೇವಲ ಮಾಂಸದ ಹಂಚಿಕೆಯೆಂದು ನೋಡುವುದು ಸಾಲದು. ದಿನವಿಡೀ ಒಂದೇ ಉದ್ದೇಶಕ್ಕೆ ದುಡಿದ ಗುಂಪು ಚದುರುವ ಮೊದಲು ಪ್ರತಿಯೊಬ್ಬನೂ ಏನು ಮಾಡಿದನೆಂಬುದನ್ನು ಎಲ್ಲರೆದುರು ಗುರುತಿಸಿ, ಅವನು ಬರಿಗೈಯಲ್ಲಿ ಮನೆಗೆ ಹೋಗದಂತೆ ನೋಡಿಕೊಳ್ಳುವ ಏರ್ಪಾಡು ಅದಾಗಿತ್ತು. ಮನೆಯವರೂ ನೆರೆಯವರೂ ಆ ರಾತ್ರಿ ಕತೆ ಕೇಳುವುದಕ್ಕೆ ಆ ಪಾಲು ಕಾರಣವೂ ಆಗುತ್ತಿತ್ತು.

ಹುಲಿಯನ್ನು ಕೊಂದಾಗ ಈ ಏರ್ಪಾಡು ಮದುವೆಯ ಮಟ್ಟಕ್ಕೆ ಏರುತ್ತಿತ್ತು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನಿಗೆ ಮಾಡುತ್ತಿದ್ದ ಗೌರವದ ವಿಧಿಗೆ ನರಿ ಮಂಗಲವೆಂದು ಹೆಸರು. ಸತ್ತ ಹುಲಿಯನ್ನು ಚಪ್ಪರದಡಿ ಕಂಬಕ್ಕೆ ತೂಗುಹಾಕಿ, ಹೊಡೆದವನನ್ನು ಮದುಮಗನ ಉಡುಪಿನಲ್ಲಿ ಮುಕ್ಕಾಲಿಯ, ಅಂದರೆ ಮೂರು ಕಾಲಿನ ಮಣೆಯ ಮೇಲೆ ಕುಳ್ಳಿರಿಸಿ, ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ತಳಿದು, ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಂಗಲವೆಂಬ ಈ ವಿಧಿ ಮದುವೆಗಷ್ಟೇ ಸೀಮಿತವಾಗಿರದೆ ಬಾಳಿನ ಇತರ ಮಹತ್ವದ ಘಟ್ಟಗಳಿಗೂ ಅನ್ವಯಿಸುತ್ತಿತ್ತೆಂಬುದನ್ನು ವಿವರವಾಗಿ ಚರ್ಚಿಸಿದ್ದಾರೆ. ಮದುಮಗ ಮದುವೆಯಿಂದ ಹೊಸ ಸ್ಥಾನಕ್ಕೆ ಏರುವಂತೆ ಹುಲಿ ಹೊಡೆದವನೂ ಏರುತ್ತಿದ್ದನು ಎಂಬುದು ಈ ವಿಧಿಯ ಸಾಮಾನ್ಯ ವ್ಯಾಖ್ಯಾನ. ಅದು ಸರಿಯೇ, ಆದರೆ ವಿಧಿಯ ಇನ್ನೊಂದು ಮುಖ ಅಷ್ಟೇ ಮುಖ್ಯವೆಂದು ತೋರುತ್ತದೆ. ಕಾಡಿನಲ್ಲಿ ಓಡಿ, ಅಡಗಿ, ಕೊಂದು ಬಂದವನನ್ನು ಅಲ್ಲಿ ಗಂಟೆಗಟ್ಟಲೆ ಕದಲದಂತೆ ಕೂರಿಸಲಾಗುತ್ತಿತ್ತು. ಅವನು ಏನನ್ನೂ ಮಾಡಬೇಕಾಗಿರಲಿಲ್ಲ, ಬರುವವರ ಹರಕೆಯನ್ನು ಸ್ವೀಕರಿಸಿದರೆ ಸಾಕಾಗಿತ್ತು. ಬೇಟೆಯ ಆವೇಶದಿಂದ ಮನೆಯ ಬದುಕಿಗೆ ಒಬ್ಬನನ್ನು ಮರಳಿ ಕರೆದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಕಾಣುವುದು ಕಷ್ಟ.

ಗೆದ್ದು ಬಂದವರಿಗೆ ಇಷ್ಟೆಲ್ಲ ಇದ್ದರೆ, ಕಾಡಿನಲ್ಲಿ ಕೈಬಿಟ್ಟುಹೋದವರ ನಿರಾಸೆಗೆ ಉತ್ತರವು ದಕ್ಷಿಣ ಕೊಡಗಿನ ದೇವರಪುರದಲ್ಲಿ ದೊರೆಯುತ್ತದೆ. ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಮಳೆಗಾಲದ ದುಡಿಮೆ ಆರಂಭವಾಗುವ ಮುನ್ನ, ಅಲ್ಲಿನ ಅಯ್ಯಪ್ಪ ಮತ್ತು ಭದ್ರಕಾಳಿಯ ಸನ್ನಿಧಿಯಲ್ಲಿ ನಡೆಯುವ ಕುಂಡೆ ಹಬ್ಬ ಅಥವಾ ಬೇಡು ಹಬ್ಬದಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಆದಿವಾಸಿ ಜನರು ವಿಚಿತ್ರ ವೇಷ ತೊಟ್ಟು, ಸೋರೆಬುರುಡೆ, ಡಬ್ಬ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಾ, ದಾರಿಯಲ್ಲಿ ಸಿಕ್ಕವರನ್ನೂ ದೇವರನ್ನೂ ಬಾಯಿತುಂಬ ಬೈಯುತ್ತಾ ಕಾಸು ಎತ್ತಿ, ಕೊನೆಗೆ ದೇವಾಲಯಕ್ಕೆ ಬಂದು ಕ್ಷಮೆ ಬೇಡಿ ಹಿಂದಿರುಗುತ್ತಾರೆ. ಇದರ ಹಿಂದಿನ ಐತಿಹ್ಯ ಬೇಟೆಯದೇ. ಅಯ್ಯಪ್ಪನು ಈ ಜನರನ್ನು ಬೇಟೆಗೆಂದು ಕರೆದುಕೊಂಡು ಹೋಗಿ, ನಡುವೆ ಭದ್ರಕಾಳಿಯನ್ನು ಕಂಡು ಮೋಹಗೊಂಡು, ನಂಬಿ ಬಂದವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ; ಆ ಸಿಟ್ಟನ್ನು ಅವರು ವರ್ಷಕ್ಕೊಮ್ಮೆ ತೀರಿಸಿಕೊಳ್ಳುತ್ತಾರೆ.

ತಲೆಮಾರುಗಳ ಕಾಲ ಒಡೆಯರ ತೋಟ ಗದ್ದೆಗಳಲ್ಲಿ ಜೀತದಾಳುಗಳಾಗಿ ದುಡಿದವರು ವರ್ಷದಲ್ಲಿ ಒಂದು ದಿನ ಯಾರ ಅಂಜಿಕೆಯೂ ಇಲ್ಲದೆ ಬಾಯಿಬಿಡಲು ಈ ಹಬ್ಬ ಅವಕಾಶ ಕೊಟ್ಟಿತೆಂಬುದನ್ನು ಮರೆಯುವಂತಿಲ್ಲ. ದೇವರ ನೆಪದಲ್ಲಿ ಒಡೆಯನಿಗೂ ಬೈಗುಳ ತಲುಪುತ್ತಿತ್ತು. ಆದರೂ ಆ ಸಿಟ್ಟಿಗೆ ಬೇಟೆಯ ಕತೆಯೇ ಆಸರೆಯಾದದ್ದು ಆಕಸ್ಮಿಕವೆನಿಸುವುದಿಲ್ಲ. ಒಡೆಯನೂ ಆಳೂ ಒಂದೇ ದಾರಿಯಲ್ಲಿ, ಒಬ್ಬರನ್ನೊಬ್ಬರು ನಂಬಿ ನಡೆಯುತ್ತಿದ್ದ ಸಂದರ್ಭ ಬೇಟೆಯಾಗಿತ್ತು. ಅಲ್ಲಿ ಮೃಗ ಸಿಗದೆ ಹೋಗುವುದಕ್ಕಿಂತ ಜೊತೆಗಾರ ಕೈಬಿಡುವುದು ದೊಡ್ಡ ನೋವಾಗಿತ್ತು. ಬೇಟೆಯ ನಂತರದ ಖಿನ್ನತೆಯ ಮೂಲ ಇದೇ ಎನ್ನುವುದಕ್ಕೆ ದೇವರಪುರದ ಐತಿಹ್ಯ ಬಲವಾದ ಸಾಕ್ಷಿ: ಜನ ಹಂಬಲಿಸಿದ್ದು ಮಾಂಸಕ್ಕಾಗಿ ಮಾತ್ರವಲ್ಲ, ಒಟ್ಟಿಗೆ ಹೋಗುವುದಕ್ಕಾಗಿ.

ಕೊಡಗಿನ ಗಡಿಗೆ ಹತ್ತಿರದ ಕಾಕನಕೋಟೆಯಲ್ಲಿ ನಡೆಯುತ್ತಿದ್ದ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ಸುತ್ತುವರಿದು ಭದ್ರವಾದ ಆವರಣದೊಳಕ್ಕೆ ಅಟ್ಟಿ ಹಿಡಿಯುವ ಕ್ರಮ, ಈ ಚರ್ಚೆಯಲ್ಲಿ ಬೇರೆಯೇ ನಿಲ್ಲುತ್ತದೆ. 1870ರ ದಶಕದಲ್ಲಿ ಮೈಸೂರು ಸರ್ಕಾರದ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಅದನ್ನು ಮೊದಲಾಗಿ ಯಶಸ್ವಿಗೊಳಿಸಿದನು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ತಿಂಗಳುಗಟ್ಟಲೆಯ ಸಿದ್ಧತೆ, ಕುರುಬರ ದುಡಿಮೆ, ಗಣ್ಯರ ಬಿಡಾರಗಳು ಎಲ್ಲವೂ ಮುಗಿದು ತೆರವಾದ ಮೇಲೂ ಅಲ್ಲಿ ಪ್ರಾಣಿ ಜೀವಂತವಾಗಿ ಮನುಷ್ಯನೊಡನೆ ಉಳಿಯುತ್ತಿತ್ತು, ಮಾವುತನ ಮನೆತನಕ್ಕೆ ಹಲವು ದಶಕಗಳ ಹೊಣೆಯಾಗುತ್ತಿತ್ತು. 1968ರಲ್ಲಿ ಅಲ್ಲಿ ಸೆರೆಯಾದ ಅರ್ಜುನನೆಂಬ ಆನೆ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹಲವು ವರ್ಷ ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆಯೊಡನೆ ಕಾದಾಡುತ್ತಾ ಸತ್ತಾಗ ನಾಡೇ ಮರುಗಿತು.

ಪ್ರತಿ ವರ್ಷ ಮುಗಿದು ಮತ್ತೆ ಬರುತ್ತಿದ್ದ ಬೇಟೆ ಒಮ್ಮೆಲೇ ಎಂದೆಂದಿಗೂ ಮುಗಿದುಹೋದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. 1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂದಿತು. 1972ರ ಸೆಪ್ಟೆಂಬರ್ 9ರಂದು, ಕೈಲ್‌ಪೊಳ್ದ್‌ನ ಹೊತ್ತಿಗೇ, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದಿತು. ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಹೊಡೆಯಲು ಉಳಿದಿದ್ದ ಅವಕಾಶವನ್ನೂ 1991ರ ತಿದ್ದುಪಡಿ ಮುಚ್ಚಿತು. ಹುಲಿ, ಕಾಟಿ, ಕಡವೆಗಳ ಸಂಖ್ಯೆ ಕುಸಿದು ಕಾಡುಗಳು ಬರಿದಾಗುತ್ತಿದ್ದ ಆ ಕಾಲದಲ್ಲಿ ಈ ಕಾಯ್ದೆ ಅನಿವಾರ್ಯವಾಗಿತ್ತು, ನ್ಯಾಯವೂ ಆಗಿತ್ತು. ಇಂದು ನಾಗರಹೊಳೆ ಬಂಡೀಪುರಗಳಲ್ಲಿ ಹುಲಿ ಉಳಿದಿದ್ದರೆ ಅದಕ್ಕೆ ಇದೇ ಆಧಾರ. ಆದರೆ ಕಾಯ್ದೆಯು ಕೊಲ್ಲುವುದನ್ನು ನಿಲ್ಲಿಸಿತೇ ಹೊರತು, ಅದರೊಡನೆ ನಿಂತುಹೋದ ಕೂಟ, ಪಾಲು, ಕತೆಗಳ ಜಾಗಕ್ಕೆ ಏನು ಬರಬೇಕೆಂಬುದನ್ನು ಜನರೇ ಕಂಡುಕೊಳ್ಳಬೇಕಾಯಿತು.

ಕೊಡಗಿನವರು ಕಂಡುಕೊಂಡರು. ಕೈಲ್‌ಪೊಳ್ದ್ ಇಂದಿಗೂ ನಡೆಯುತ್ತದೆ. ಕಾಡಿಗೆ ಹೊರಡುವ ಬದಲು ಊರಿನ ಬಯಲಿನಲ್ಲಿ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಒಂದೊಂದು ಒಕ್ಕವೂ ಒಂದು ತಂಡವಾಗಿ ಇಳಿಯುತ್ತದೆ. ವರ್ಷವಿಡೀ ಕಾದು ಒಟ್ಟಿಗೆ ಹೊರಡುವ ಉತ್ಸಾಹಕ್ಕೆ ಅಲ್ಲಿ ರಕ್ತವಿಲ್ಲದ ದಾರಿಯೊಂದು ತೆರೆದಿದೆಯೆಂದು ಹೇಳುವುದು ಅತಿಶಯೋಕ್ತಿಯಾಗಲಾರದು.

ಕತೆಯ ಭಾಗ ಪುಸ್ತಕಕ್ಕೆ ಬಂದಿತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಮತ್ತು 1936ರ ‘ಕಾನೂರು ಹೆಗ್ಗಡಿತಿ’ಗಳಲ್ಲಿ ಬೇಟೆ ಇನ್ನೂ ನಿತ್ಯಜೀವನದ ಅಂಗವಾಗಿಯೇ ಚಿತ್ರಿತವಾಗಿದೆ. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈ ಅವರ ‘ಬೇಟೆಯ ನೆನಪುಗಳು’ ಎಂಬ ಕೃತಿಯ ಹೊತ್ತಿಗೆ, ಹೆಸರೇ ತಿಳಿಸುವಂತೆ, ಅದು ಕಳೆದುಹೋದ ಲೋಕವಾಗಿತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಬೇಟೆಯ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ಅವರು ‘ಕಾಡಿನ ಕಥೆಗಳು’ ಎಂಬ ಮಾಲೆಯಾಗಿ ಕನ್ನಡಕ್ಕೆ ತಂದಾಗ, ಕೋವಿಯನ್ನೇ ಮುಟ್ಟದ ತಲೆಮಾರೊಂದು ಅವುಗಳನ್ನು ಆಸೆಯಿಂದ ಓದಿತು.

ಈ ಪುಸ್ತಕಗಳಿಗೆಲ್ಲ ಒಂದು ಕೊರತೆ ಸಮಾನವಾಗಿದೆ. ಅವು ಹೆಚ್ಚಾಗಿ ಕೋವಿ ಹಿಡಿದವನ ನೆನಪುಗಳು ಅಥವಾ ಅವನ ಜಗತ್ತಿನ ಚಿತ್ರಗಳು. ಹಳು ಸೋವಿದ ಕುರುಬನ, ನಾಯಿ ಹಿಡಿದ ಯರವನ, ಖೆಡ್ಡಾದ ಹಗ್ಗ ಎಳೆದ ಕಾವಾಡಿಯ, ಅಂದರೆ ಮಾವುತನ ಸಹಾಯಕನ ಮಾತು ಅವರದೇ ದನಿಯಲ್ಲಿ ಬಹುಮಟ್ಟಿಗೆ ದಾಖಲಾಗಿಲ್ಲ. 1972ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಬೇಟೆಯ ಇತಿಹಾಸದಲ್ಲಿ ಆಸಕ್ತಿಯುಳ್ಳ ವಿಶ್ವವಿದ್ಯಾಲಯಗಳೂ ಸ್ಥಳೀಯ ಸಂಗ್ರಾಹಕರೂ ಮಡಿಕೇರಿ, ಹೆಗ್ಗಡದೇವನಕೋಟೆ, ಪುತ್ತೂರು, ತೀರ್ಥಹಳ್ಳಿಗಳ ಹಾಡಿ ಹಳ್ಳಿಗಳಿಗೆ ಹೋಗಿ, ಅವರ ಮಾತುಗಳನ್ನು ಅವರ ಭಾಷೆಯಲ್ಲಿಯೇ ಈಗಲೇ ಬರೆದಿಟ್ಟುಕೊಳ್ಳಬೇಕು.