ಕರ್ತವ್ಯದ ನೆಪವೂ ಪ್ರಜೆಯ ದಾವೆಯೂ

ಪೋಲೀಸರಿಂದ ಅನ್ಯಾಯವಾಗಿ ಪೆಟ್ಟುತಿಂದವನು ನ್ಯಾಯಾಸ್ಥಾನದ ಬಾಗಿಲನ್ನು ತಟ್ಟಬೇಕಾದರೆ ಮೊದಲು ಯಾರ ಅಪ್ಪಣೆಯನ್ನು ಪಡೆಯಬೇಕು? ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಉಡುಪಿಯ ಬಳಿಯ ಪರ್ಕಳವೆಂಬ ಒಂದು ಊರಿನ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಊರು ಇದ್ದಲ್ಲಿಯೇ ಇದೆ. ಅದನ್ನಾಳುವ ಕಾನೂನು ಮಾತ್ರ ಬದಲಾಗುತ್ತ ಬಂದಿದೆ.

೧೭೯೯ರ ತರುವಾಯ ಕೆನರಾ ಸೀಮೆಯು ಮದರಾಸಿನ ಆಳಿಕೆಗೆ ಸೇರಿತು. ಆದುದರಿಂದ ಪರ್ಕಳದ ಪ್ರಜೆಗೆ ಅನ್ವಯಿಸಿದುದು ೧೮೫೯ರ ಮದರಾಸು ಜಿಲ್ಲಾ ಪೋಲೀಸು ಶಾಸನ. ಅದರ ೫೩ನೆಯ ಕಲಮಿನಂತೆ, ಶಾಸನಾನುಸಾರವಾಗಿ ನಡೆದ ಕೃತ್ಯಕ್ಕಾಗಿ ಪೋಲೀಸರ ಮೇಲೆ ಹೂಡುವ ವ್ಯವಹಾರವನ್ನು ಮೂರು ತಿಂಗಳೊಳಗೆ ಹೂಡತಕ್ಕದ್ದು. ಹಾಗಾದರೆ ಠಾಣೆಯಲ್ಲಿ ಹೊಡೆದ ಪೆಟ್ಟು ‘ಶಾಸನಾನುಸಾರ’ವೇ? ಆಂಧ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂಕೋರ್ಟು ೧೯೬೩ರಲ್ಲಿ ಇದೇ ಕಲಮನ್ನು ವಿಮರ್ಶಿಸಿ, ತಪ್ಪೊಪ್ಪಿಗೆಗಾಗಿ ಹೊಡೆಯುವುದಕ್ಕೂ ಶಾಸನವು ವಿಧಿಸಿದ ಕರ್ತವ್ಯಕ್ಕೂ ಸಂಬಂಧವಿಲ್ಲವೆಂದು ನಿರ್ಣಯಿಸಿತು.

ಅದೇ ಕಾಲದಲ್ಲಿ ಮೈಸೂರು ರಾಜ್ಯದ ಮತ್ತೊಂದು ಮೊಕದ್ದಮೆಯ ಫಲವು ಬೇರೆಯಾಯಿತು. ಅಲ್ಲಿ ಅನ್ವಯಿಸಿದುದು ಮುಂಬಯಿಯ ಪೋಲೀಸು ಶಾಸನ. ಅದರಲ್ಲಿ ‘ಕರ್ತವ್ಯದ ನೆಪದಿಂದ’ ಮಾಡಿದ ಕೃತ್ಯಕ್ಕೂ ಆರು ತಿಂಗಳ ಅವಧಿಯ ರಕ್ಷಣೆಯಿತ್ತು. ಸುಳ್ಳು ಪಂಚನಾಮೆ ಬರೆದ ಹೆಡ್ ಕಾನ್‌ಸ್ಟೇಬಲನಿಗೂ ಆ ರಕ್ಷಣೆ ದೊರೆಯಿತು. ‘ನೆಪ’ವೆಂಬ ಒಂದು ಪದದ ಬಲವೆಷ್ಟೆಂಬುದು ಇದರಿಂದ ವಿದಿತವಾಗುತ್ತದೆ.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ಬಳಿಕ ರಾಜ್ಯಕ್ಕೆಲ್ಲ ಒಂದೇ ಕಾನೂನಾಗಿ ೧೯೬೩ರ ಪೋಲೀಸು ಶಾಸನವು ಬಂದಿತು. ಅದರ ೧೭೦ನೆಯ ಕಲಮು ಮುಂಬಯಿಯ ಮಾತನ್ನೇ ಹಿಡಿಯಿತು: ಕರ್ತವ್ಯದ ನೆಪದಿಂದಾಗಲಿ ಅದನ್ನು ಮೀರಿಯಾಗಲಿ ನಡೆದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ದಾವೆಯೂ ಇಲ್ಲ, ಕ್ರಿಮಿನಲ್ ಮೊಕದ್ದಮೆಯೂ ಇಲ್ಲ. ಬೆಂಗಳೂರಿನ ಪೋಲೀಸರು ೨೦೧೨ರಲ್ಲಿ ತನ್ನನ್ನು ಹೊಡೆದರೆಂದು ಒಬ್ಬನು ತಂದ ಫಿರ್ಯಾದು ೨೦೨೦ರ ಜೂನ್ ೧೮ರಂದು ಸುಪ್ರೀಂಕೋರ್ಟಿನಲ್ಲಿ ಬಿದ್ದುಹೋದುದು ಅನುಮತಿಯಿಲ್ಲವೆಂಬ ಕಾರಣದಿಂದಲೇ. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಅನುಮತಿ ಬೇಡ. ಸಂಬಂಧವುಳ್ಳ ಅತಿರೇಕಕ್ಕೆ ಬೇಕು ಎಂಬುದು ಆ ತೀರ್ಪಿನ ಸಾರಾಂಶ.

ಇಷ್ಟರಲ್ಲಿ ಸಂವಿಧಾನವು ಇನ್ನೊಂದು ದಾರಿಯನ್ನು ತೆರೆದಿತ್ತು. ಪೋಲೀಸರ ವಶದಲ್ಲಿದ್ದಾಗ ಮಗನು ಮಡಿದನೆಂದು ಒರಿಸ್ಸಾದ ತಾಯಿಯೊಬ್ಬಳು ಬರೆದ ಪತ್ರವನ್ನೇ ಸುಪ್ರೀಂಕೋರ್ಟು ಅರ್ಜಿಯೆಂದು ಸ್ವೀಕರಿಸಿ, ೧೯೯೩ರಲ್ಲಿ ೧,೫೦,೦೦೦ ರೂಪಾಯಿ ಪರಿಹಾರ ವಿಧಿಸಿತು. ರಾಜ್ಯದ ಸಾರ್ವಭೌಮತ್ವದ ವಾದವು ಮೂಲಭೂತ ಹಕ್ಕಿನ ಮುಂದೆ ನಿಲ್ಲದೆಂದೂ ಸಾರಿತು.

ಹೀಗೆ ಇಂದು ಪರ್ಕಳದ ಪ್ರಜೆಯ ಮುಂದೆ ಎರಡು ಮಾರ್ಗಗಳಿವೆ. ಹಕ್ಕಿನ ಭಂಗಕ್ಕಾಗಿ ರಾಜ್ಯದಿಂದ ಪರಿಹಾರ ಬೇಡಿ ಹೈಕೋರ್ಟಿಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಹೊಡೆದವನನ್ನೇ ಕಟಕಟೆಯಲ್ಲಿ ನಿಲ್ಲಿಸಬೇಕಾದರೆ ಆತನಿಗೆ ಸಂಬಳ ಕೊಡುವ ಸರ್ಕಾರವನ್ನೇ ಬಹುಮಟ್ಟಿಗೆ ಕೇಳಬೇಕು. ನಿಷ್ಠನಾದ ಅಧಿಕಾರಿಯನ್ನು ಸುಳ್ಳು ಫಿರ್ಯಾದಿನಿಂದ ಕಾಯುವುದು ನ್ಯಾಯವೇ. ಆದರೆ ೧೮೫೯ರ ಪರಕೀಯ ಶಾಸನವು ಕೇಳಿದುದು ತ್ವರೆಯನ್ನು. ೧೯೬೩ರ ನಮ್ಮದೇ ಶಾಸನವು ಕೇಳುವುದು ಅನುಮತಿಯನ್ನು. ಇವುಗಳಲ್ಲಿ ಯಾವುದು ಹೆಚ್ಚಿನ ಹೊರೆಯೆಂಬುದನ್ನು ಪ್ರಾಜ್ಞರು ವಿಚಾರಿಸತಕ್ಕದ್ದು.