ಚಂದ್ರಗಿರಿ ಹೊಳೆಯ ಗಡಿ ಮತ್ತು ಸೇತುವೆ

ತುಳುನಾಡಿಗೂ ಮಲಯಾಳ ನಾಡಿಗೂ ನಡುವಿನ ಸಾಂಪ್ರದಾಯಿಕ ಎಲ್ಲೆ ಚಂದ್ರಗಿರಿ ಹೊಳೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ಹಾದು, ಕೆಳಗೆ ಚಂದ್ರಗಿರಿ ಎನಿಸಿಕೊಂಡು ಕಾಸರಗೋಡು ಪೇಟೆಯ ತೆಂಕು ಬದಿಯಲ್ಲಿ ಕಡಲು ಸೇರುತ್ತದೆ. ಉದ್ದ ಸುಮಾರು 105 ಕಿಲೋಮೀಟರ್.

ಈ ಎಲ್ಲೆ ಅರಸರಿಗಿಂತ ಹೆಚ್ಚಾಗಿ ಜನಜೀವನಕ್ಕೆ ಸೇರಿದ್ದು. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಹೊಳೆಯ ತೆಂಕು ದಡದಲ್ಲೇ ಕೋಟೆ ಕಟ್ಟಿಸಿದ. ಇನ್ನೂ ತೆಂಕಿನ ಬೇಕಲ ಕೋಟೆಯೂ ಕೆಳದಿಯ ವಶದಲ್ಲಿತ್ತು. ಆಳ್ವಿಕೆ ಹೊಳೆ ದಾಟಿತು, ಆಚಾರ ದಾಟಲಿಲ್ಲ. ನಾಯರ್ ಹೆಂಗಸರು ಚಂದ್ರಗಿರಿಯ ಬಡಗಣ ದಡಕ್ಕೆ ಕಾಲಿಡಬಾರದೆಂಬ ಕಟ್ಟುಪಾಡನ್ನು ಬ್ರಿಟಿಷರ ಕಾಲದ ಗೆಜೆಟಿಯರುಗಳು ದಾಖಲಿಸಿವೆ. ಆಗ ದಾಟುವುದಕ್ಕೆ ಇದ್ದದ್ದು ಕಡವಿನ ದೋಣಿ ಮಾತ್ರ.

1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆಯನ್ನೊಳಗೊಂಡ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಕೈಸೇರಿತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಹೊಳೆಯ ಎರಡೂ ದಡಗಳಲ್ಲಿ ಹರಡಿಕೊಂಡಿತ್ತು. ರೈಲು ಬಂದದ್ದು ಈ ಸ್ಥಿತಿಯಲ್ಲಿ. 1888ರಲ್ಲಿ ಕೋಝಿಕ್ಕೋಡು ತಲುಪಿದ್ದ ಹಳಿ ಬಡಗಣಕ್ಕೆ ಬೆಳೆದು, ಚಂದ್ರಗಿರಿಗೂ ನೇತ್ರಾವತಿಗೂ ಸೇತುವೆ ಕಟ್ಟಿಸಿಕೊಂಡು 1907ರಲ್ಲಿ ಮಂಗಳೂರು ಮುಟ್ಟಿತು. ಭಾಷೆಗಳೆರಡಾದರೂ ಜಿಲ್ಲೆ ಒಂದೇ ಆಗಿದ್ದುದರಿಂದ ಚಂದ್ರಗಿರಿ ಸೇತುವೆಯ ಯಾವ ತುದಿಯಲ್ಲೂ ಗಡಿಕಟ್ಟೆಯ ಪ್ರಶ್ನೆ ಏಳಲಿಲ್ಲ. ಈ ಸೇತುವೆಯ ಮಹತ್ವವನ್ನು ಅಳೆಯಲು ಒಂದು ಸಂಗತಿ ಸಾಕು: ಹಾಸನ–ಮಂಗಳೂರು ಮಾರ್ಗ 1979ರಲ್ಲಿ ತೆರೆಯುವವರೆಗೆ, ಅಂದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ, ಮಂಗಳೂರಿಗೆ ಹೊರಗಿನಿಂದ ಬರುವ ರೈಲೆಲ್ಲ ಚಂದ್ರಗಿರಿಯನ್ನು ದಾಟಿಯೇ ಬರಬೇಕಿತ್ತು. ಕನ್ನಡದ ರಾಜ್ಯಕ್ಕೆ ಸೇರಿದ ಮೇಲೂ ಈ ಬಂದರು ಪಟ್ಟಣದ ರೈಲು ಸಂಪರ್ಕ ಹೀಗೆ ಮದರಾಸಿನ ಕಡೆಗೇ ಉಳಿದಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು. ಹೊಳೆಯ ಬಡಗಣ ಭಾಗವಾದರೂ ಕನ್ನಡಕ್ಕೆ ಉಳಿಯಬೇಕೆಂಬ ಬೇಡಿಕೆಯನ್ನು 1967ರಲ್ಲಿ ರಾಜ್ಯಗಳ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಎತ್ತಿಹಿಡಿಯಿತು. ಶಿಫಾರಸು ಜಾರಿಯಾಗಲಿಲ್ಲ. ಹೀಗಾಗಿ, ಗಡಿಯೆನಿಸಿದ್ದ ಹೊಳೆಗೆ ಸೇತುವೆಯಿದ್ದರೂ ರಾಜ್ಯದ ಗಡಿ ಅಲ್ಲಿಲ್ಲ; ಅದು ಬಡಗಣಕ್ಕೆ ಸರಿದು ತಲಪಾಡಿಯಲ್ಲಿ ಒಣನೆಲದ ಮೇಲೆ ನಿಂತಿದೆ. ಮಂಗಳೂರಿನ ಉರ್ವದಿಂದ ಕಾಸರಗೋಡಿಗೆ ಹೊರಟವರು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಕಳೆದು, ಚಂದ್ರಗಿರಿ ಕಾಣುವುದಕ್ಕೆ ಬಹಳ ಮೊದಲೇ ರಾಜ್ಯ ಬದಲಿಸಿರುತ್ತಾರೆ.

ಈ ಒಣಗಡಿ ಎಷ್ಟು ಗಟ್ಟಿಯೆಂಬುದು 2020ರ ಮಾರ್ಚ್ ಕೊನೆಯಲ್ಲಿ ತಿಳಿಯಿತು. ಕೊರೊನಾ ತಡೆಗೆಂದು ಕರ್ನಾಟಕ ರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಿಗೆ ದಾರಿಯೇ ಇಲ್ಲದಂತಾಯಿತು. ವ್ಯಾಜ್ಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದ ಬಳಿಕ ತುರ್ತು ಚಿಕಿತ್ಸೆಗೆ ತಲಪಾಡಿಯಲ್ಲಿ ಅವಕಾಶವಾಯಿತು.

ಇಂದು ಚಂದ್ರಗಿರಿಯನ್ನು ರೈಲುಸೇತುವೆಯಲ್ಲದೆ ಎರಡು ಮುಖ್ಯ ರಸ್ತೆಗಳು ದಾಟುತ್ತವೆ: ತೆಕ್ಕಿಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66, ಕಡಲ ಬದಿಯಲ್ಲಿ ಕಾಸರಗೋಡು–ಕಾಞಂಗಾಡು ರಸ್ತೆ. 1984ರಲ್ಲಿ ರಚನೆಯಾದ ಕಾಸರಗೋಡು ಜಿಲ್ಲೆಗೆ ಎರಡೂ ದಡಗಳು ಸೇರಿವೆ.