ನಿಷೇಧ ಉಳಿಸಿದ ಜೀವಗಳು

ಹಸಿರು ಕ್ರಾಂತಿಯ ಜೊತೆ ಶ್ರೀಲಂಕಾದ ರೈತರ ಮನೆಗಳಿಗೆ ಕೀಟನಾಶಕದ ಬಾಟಲಿಗಳೂ ಬಂದವು. 1995ರ ಹೊತ್ತಿಗೆ ಅಲ್ಲಿ ಲಕ್ಷಕ್ಕೆ ಸುಮಾರು 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು. ಬಹುಪಾಲು ಸಾವುಗಳಿಗೆ ಈ ಬಾಟಲಿಗಳೇ ಕಾರಣ.

ಅನುರಾಧಪುರ, ಪೊಲೊನ್ನರುವದ ಆಸ್ಪತ್ರೆಗಳಲ್ಲಿ ಬದುಕುಳಿದವರನ್ನು ಮಾತಾಡಿಸಿದ ವೈದ್ಯರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಹೆಚ್ಚಿನವರು ಎಳೆಯರು. ಅರ್ಧಕ್ಕಿಂತ ಹೆಚ್ಚು ಜನ ಅರ್ಧ ಗಂಟೆಯೂ ಯೋಚಿಸಿರಲಿಲ್ಲ. ವಿಷವನ್ನು ಆರಿಸಿ ತಂದವರಲ್ಲ, ಕೈಗೆ ಸಿಕ್ಕಿದ್ದನ್ನು ಕುಡಿದವರು. ಹಾಗಾಗಿ ಯಾರು ಉಳಿಯುತ್ತಾರೆಂಬುದನ್ನು ನಿರ್ಧರಿಸುತ್ತಿದ್ದುದು ಸಾಯುವ ಹಂಬಲದ ತೀವ್ರತೆಗಿಂತ ಹೆಚ್ಚಾಗಿ ಬಾಟಲಿಯಲ್ಲಿದ್ದ ರಾಸಾಯನಿಕ.

ಸರ್ಕಾರ 1984ರಲ್ಲಿ ಪ್ಯಾರಾಥಿಯಾನ್ ನಿಷೇಧಿಸಿತು. 1995ರಲ್ಲಿ ಉಳಿದ ಅತಿ ವಿಷಕಾರಿ ಕೀಟನಾಶಕಗಳ, 1998ರಲ್ಲಿ ಎಂಡೋಸಲ್ಫಾನ್‌ನ, 2008–11ರಲ್ಲಿ ಪ್ಯಾರಾಕ್ವಾಟ್ ಮುಂತಾದವುಗಳ ಸರದಿ. ವಿಷ ಕುಡಿದು ಆಸ್ಪತ್ರೆಗೆ ಬರುವವರು ಕಡಿಮೆಯಾಗಲಿಲ್ಲ. ಬಂದವರಲ್ಲಿ ಸಾಯುವವರು ಕಡಿಮೆಯಾದರು. ಎರಡು ದಶಕಗಳಲ್ಲಿ ಆತ್ಮಹತ್ಯೆಯ ದರ ಸುಮಾರು ಶೇ 70ರಷ್ಟು ಇಳಿಯಿತು. ಭತ್ತದ ಇಳುವರಿ ಕುಸಿಯಲಿಲ್ಲ.

ಭಾರತವೂ 2018ರಲ್ಲಿ 18 ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಲು ಆದೇಶಿಸಿತು. ಮನಸ್ಸಿನ ನೋವಿಗೆ ಮದ್ದು ಬೇರೆಯೇ ಬೇಕು, ನಿಜ. ಆದರೆ ಆ ಮದ್ದು ತಲುಪಲು ಮನುಷ್ಯ ಮೊದಲು ಬದುಕಿರಬೇಕು.

(ನಿಮಗೋ ನಿಮ್ಮವರಿಗೋ ಕಷ್ಟವೆನಿಸಿದರೆ ಟೆಲಿ ಮಾನಸ್: 14416.)